ಬೀಗರ ಊಟದ ಟಗರಿನ ಹನ್ನೆರಡು ಪಾಲು

ನನ್ನ ಸ್ಕೂಟರಿಗೆ ಮಳೆ ತಾಗದಂತೆ ಹೊದಿಸುವ ಫ್ಲೆಕ್ಸಿನ ಮೇಲೆ ಒಂದು ಟಗರಿನ ಮುಖವಿದೆ. ಮುಖದ ಸುತ್ತ ಸೂರ್ಯಕಿರಣ, ಮೇಲೆ ‘ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು’ ಎಂಬ ಕೆಂಪಕ್ಷರ, ಕೆಳಗೆ ಎರಡು ಸಾಲಿನಲ್ಲಿ ಹನ್ನೆರಡು ಭಾವಚಿತ್ರ. ಮೊದಲ ಸಾಲಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿಕೊಂಡಿರುವವನು ನಾನು. ನನ್ನ ಎಡಬಲದ ಎರಡೂ ಭಾವಚಿತ್ರ ಒಬ್ಬರದೇ. ಅದು ಅಚ್ಚಿನ ತಪ್ಪಲ್ಲ, ಅವರಿಗೆ ಎರಡು ಪಾಲಿತ್ತು. ನಂಜನಗೂಡಿನ ನನ್ನ ಜೆರಾಕ್ಸ್ ಅಂಗಡಿಯ ಮುಂದೆ ಮಳೆ ಬಂದಾಗಲೆಲ್ಲ ಸ್ಕೂಟರಿನ ಮೇಲೆ ಈ ಟಗರು ಹರಡಿಕೊಳ್ಳುತ್ತದೆ. ಹೋದ ವಾರ ಪಹಣಿ ಜೆರಾಕ್ಸಿಗೆ ಬಂದ ಹಿರಿಯರೊಬ್ಬರು ಅದನ್ನೇ ಬಹಳ ಹೊತ್ತು ನೋಡಿ, ಈ ಸಲ ಚುನಾವಣೆಯಲ್ಲಿ ಇದು ಯಾರ ಗುರುತು ಎಂದು ಕೇಳಿದರು. ಚುನಾವಣೆ ಅಲ್ಲ, ಟಗರು ತೀರಿಕೊಂಡಿತು ಎಂದೆ. ಅವರು ಚಪ್ಪಲಿ ಬಿಟ್ಟು ಕೈಮುಗಿದು ಹೋದರು.

ಅದನ್ನು ಎಸೆಯಲು ನನಗೆ ಮನಸ್ಸಿಲ್ಲ. ಈಗ ಅಂಗಡಿಗೆ ಬರುವ ಹುಡುಗರೆಲ್ಲ ಒಂದು ಕೈಯಲ್ಲಿ ಅಂಕಪಟ್ಟಿ ಚಾಚಿ ಇನ್ನೊಂದು ಕೈಯ ಫೋನಿನಲ್ಲಿ ಏರುವ ಇಳಿಯುವ ಗೆರೆ ನೋಡುತ್ತಿರುತ್ತಾರೆ. ಗೆರೆ ಏರುತ್ತಿದ್ದರೆ ಚಿಲ್ಲರೆ ವಾಪಸ್ಸು ಕೇಳುವುದಿಲ್ಲ. ಇಳಿಯುತ್ತಿದ್ದರೆ ಎರಡು ರೂಪಾಯಿಗೂ ಚೌಕಾಸಿ. ಏನು ಮಾರಿದಿರಿ, ಏನು ಕೊಂಡಿರಿ ಎಂದು ಕೇಳಿದರೆ ಅದು ಅವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ನಾನು ನಗುವುದಿಲ್ಲ. ನಮ್ಮದು ಕೊನೇಪಕ್ಷ ಟಗರು, ಕಣ್ಣಿಗೆ ಕಾಣುತ್ತಿತ್ತು, ವಾಸನೆಯೂ ಬರುತ್ತಿತ್ತು ಎಂದು ನನ್ನಷ್ಟಕ್ಕೆ ಸಮಾಧಾನ ಮಾಡಿಕೊಳ್ಳುತ್ತೇನೆ.

ಪಾಲು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾನು ಚಿಕ್ಕವನಿದ್ದಾಗ ಯುಗಾದಿಯ ಮಾರನೆಯ ದಿನ, ವರ್ಷದೊಡಕಿಗೆ, ಬನ್ನೂರಿನ ಹತ್ತಿರದ ನನ್ನ ಸೋದರಮಾವನ ಊರಿನಲ್ಲಿ ಹತ್ತಾರು ಮನೆಯವರು ದುಡ್ಡು ಸೇರಿಸಿ ಒಂದು ಕುರಿ ಕುಯ್ಯಿಸುತ್ತಿದ್ದರು. ನೀರಿನ ಚಾನೆಲ್ ಏರಿಯ ಮೇಲೆ ಬಾಳೆಲೆ ಹಾಸಿ ಬಾಡನ್ನು ಗುಡ್ಡೆ ಗುಡ್ಡೆಯಾಗಿ ಹಾಕುವರು. ಪ್ರತಿ ಗುಡ್ಡೆಗೂ ಒಂದಿಷ್ಟು ತೊಡೆ, ಒಂದಿಷ್ಟು ಮೂಳೆ, ಈಲಿಯ ಒಂದು ಚೂರು, ಕೊಬ್ಬಿನ ಒಂದು ಚೂರು. ತೂಕದ ತಕ್ಕಡಿಯಿಲ್ಲ, ಕಣ್ಣಳತೆಯೇ. ಆಮೇಲೆ ಒಬ್ಬ ಹಿರಿಯ ಗುಡ್ಡೆಗಳಿಗೆ ಬೆನ್ನು ತಿರುಗಿಸಿ ನಿಲ್ಲುವನು. ಇನ್ನೊಬ್ಬ ಒಂದು ಗುಡ್ಡೆ ಮುಟ್ಟಿ ‘ಇದ್ಯಾರ್ದು?’ ಅನ್ನುವನು. ಬೆನ್ನು ತಿರುಗಿಸಿದವನು ಒಂದು ಮನೆಯ ಹೆಸರು ಹೇಳುವನು. ಅಲ್ಲಿಗೆ ಮುಗಿಯಿತು, ಅದರ ಮೇಲೆ ಮಾತಿಲ್ಲ. ಗುಡ್ಡೆ ಹೊತ್ತು ಮನೆಗೆ ಓಡುವಾಗ ತಲೆಯ ಮೇಲೆ ಹದ್ದು ಸುತ್ತುತ್ತಿತ್ತು, ನಾನು ಅದಕ್ಕೆ ಬೈಯುತ್ತಾ ಓಡುತ್ತಿದ್ದೆ. ದುಡ್ಡು ಹಾಕಿದವನು ಗುಡ್ಡೆ ಕೇಳಿದರೆ ಇಲ್ಲ ಅನ್ನುವಂತಿಲ್ಲ ಎಂಬುದೊಂದೇ ಆ ವ್ಯವಹಾರದ ಕಾನೂನು. ಆ ವ್ಯವಹಾರದಲ್ಲಿ ಯಾರೂ ನಷ್ಟ ಮಾಡಿಕೊಂಡದ್ದನ್ನು ನಾನು ಕಂಡಿಲ್ಲ. ಮಧ್ಯಾಹ್ನದ ಹೊತ್ತಿಗೆ ಬಂಡವಾಳವೆಲ್ಲ ಹೊಟ್ಟೆಯಲ್ಲಿರುತ್ತಿತ್ತು.

ಇನ್ನು ಬನ್ನೂರು ಕುರಿಯ ವಿಷಯ. ಅದನ್ನು ನೋಡುವ ಕ್ರಮವೇ ಬೇರೆ. ಮುಖ ನೋಡಬಾರದು. ಹಿಂದೆ ಹೋಗಿ, ಕುಕ್ಕರುಗಾಲಿನಲ್ಲಿ ಕೂತು, ಹಿಂಗಾಲುಗಳ ನಡುವಿನ ಕಮಾನು ನೋಡಬೇಕು. ಕಾಲು ಗಿಡ್ಡ, ಮೈ ಉರುಟು, ಹಿಂದಿನಿಂದ ನೋಡಿದರೆ ಬೋರಲು ಹಾಕಿದ ಲಾಳ. ಕೊಳ್ಳುವವರು, ಮಾರುವವರು, ಸುಮ್ಮನೆ ನೋಡಲು ಬಂದವರು, ಎಲ್ಲರೂ ಗಂಭೀರವಾಗಿ ಕುರಿಯ ಹಿಂಭಾಗದ ಮುಂದೆ ಕೂತಿರುತ್ತಾರೆ. ಕುರಿ ಮಾತ್ರ ಇದಾವುದೂ ತನಗೆ ಸಂಬಂಧವಿಲ್ಲ ಎಂಬಂತೆ ಆ ಕಡೆ ಮೇಯುತ್ತಿರುತ್ತದೆ.

ಅಂಥ ಒಂದು ಟಗರುಮರಿಯನ್ನು ಮಾವ ಚಿಕ್ಕಸ್ವಾಮಿ ಮಗಳು ಸವಿತಳ ಬೀಗರ ಊಟಕ್ಕೆಂದು ಸಾಕಿದ್ದ. ಬೀಗರ ಊಟ ಅಂದರೆ ನಿಮಗೆ ಗೊತ್ತು. ಮದುವೆಯ ದಿನ ಸಿಹಿ ಊಟ, ಆಮೇಲೊಂದು ದಿನ ಹೆಣ್ಣಿನ ಮನೆಯವರು ಗಂಡಿನ ಕಡೆಯವರನ್ನು ಕರೆದು ಬಾಡೂಟ ಹಾಕಬೇಕು. ಅಲ್ಲಿಯವರೆಗೆ ಮದುವೆಗೆ ಮೊಹರು ಬಿದ್ದಂತಲ್ಲ. ಹುಲ್ಲಹಳ್ಳಿಯ ಬೀಗರು ನಿಂಗೇಗೌಡರು ನಿಶ್ಚಿತಾರ್ಥದ ದಿನವೇ ಟಗರಿನ ಹಿಂದೆ ಕೂತು ನೋಡಿ, ಬೆನ್ನ ಮೇಲೆ ಕೈಯಾಡಿಸಿ, ನಮಗೆ ಇದನ್ನೇ ಹಾಕಬೇಕು ಎಂದಿದ್ದರು. ಅವರ ಮಗ ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಪಾಳಿ ಕೆಲಸದವನು. ಗಂಡ ಹೆಂಡತಿ ಇರಲೆಂದು ನನ್ನ ಅಂಗಡಿಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ ನಾನೇ ಗೊತ್ತು ಮಾಡಿಕೊಟ್ಟೆ. ಬೀಗರ ಊಟ ಮುಗಿಯಲಿ, ಒಳ್ಳೆಯ ದಿನ ನೋಡಿ ಹಾಲು ಉಕ್ಕಿಸಿ ಎಂದು ಎರಡೂ ಕಡೆಯ ಹಿರಿಯರು ಹೇಳಿದರು. ಸವಿತ ಆ ಮನೆಗೆ ಪರದೆಯ ಬಟ್ಟೆ ಕೂಡ ತಂದಿಟ್ಟಿದ್ದಳು.

ಅಷ್ಟರಲ್ಲಿ ಕಾರಿನವನೊಬ್ಬ ಬಂದ. ಸೋಮನಾಥಪುರದ ದೇವಸ್ಥಾನಕ್ಕೆ ದಾರಿ ಯಾವುದು ಎಂದು ಮಾವನ ಮನೆಯ ಮುಂದೆ ಕಾರು ನಿಲ್ಲಿಸಿ ಕೇಳಿದವನು, ಟಗರನ್ನು ನೋಡಿ, ಕೊಡ್ತೀರಾ ಎಂದು ಒಂದು ಬೆಲೆ ಹೇಳಿದ. ಮಾವ ಇಲ್ಲವೆಂದ. ಅವನು ದಾರಿ ಕೇಳಿಕೊಂಡು ಹೋದ. ಆ ಮನುಷ್ಯ ಯಾರು, ಎಲ್ಲಿಯವನು, ಅವನ ಜೇಬಿನಲ್ಲಿ ನಿಜವಾಗಿ ದುಡ್ಡಿತ್ತೇ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸಂಜೆ ಹೊತ್ತಿಗೆ ಅವನು ಹೇಳಿದ ಬೆಲೆ ಊರಿನಲ್ಲಿ ಎರಡರಷ್ಟಾಗಿತ್ತು. ಮಾರನೆಯ ದಿನ ಬನ್ನೂರಿನ ಹೋಟೆಲಿನಲ್ಲಿ ಮೂರರಷ್ಟಾಯಿತು. ಮಾವ ಅದನ್ನು ತಿದ್ದಲಿಲ್ಲ. ಅಷ್ಟು ದೊಡ್ಡ ಬೆಲೆಯನ್ನು ಬೇಡವೆಂದ ಗಂಡಸು ಎಂದು ಜನ ನೋಡುವಾಗ ತಿದ್ದುವುದು ಹೇಗೆ?

ಈಗ ಗುರುಮಲ್ಲಪ್ಪನವರು ಬರುತ್ತಾರೆ. ಊರಿನ ಬೂಸಾ ಹಿಂಡಿ ಅಂಗಡಿಯವರು, ಮಠಕ್ಕೆ ನಡೆದುಕೊಳ್ಳುವವರು, ಬಾಡು ಇರಲಿ ಮೊಟ್ಟೆಯನ್ನೂ ಮುಟ್ಟಿದವರಲ್ಲ. ಮದುವೆ ಖರ್ಚಿಗೆ ಮಾವ ಪರದಾಡುತ್ತಿದ್ದುದನ್ನು ನೋಡಿ ಅವರೇ ಉಪಾಯ ಹೇಳಿದರು. ಟಗರು ಮಾರಬೇಡಿ, ಪಾಲು ಮಾರಿ. ಹನ್ನೆರಡು ಗುಡ್ಡೆ ಅಂತ ಇಟ್ಟುಕೊಳ್ಳಿ. ಗುಡ್ಡೆ ಟಗರಿನೊಳಗೇ ಇರಲಿ, ಟಗರು ಬೆಳೆದಂತೆ ಗುಡ್ಡೆಯೂ ಬೆಳೆಯುತ್ತದೆ, ರೇಟೂ ಬೆಳೆಯುತ್ತದೆ. ಹೀಗೆ ಹೇಳಿ ತಾವೇ ಎರಡು ಪಾಲು ತೆಗೆದುಕೊಂಡರು. ತಿನ್ನದವರಿಗೆ ಗುಡ್ಡೆ ಯಾಕೆ ಸ್ವಾಮಿ ಎಂದು ನಾನು ಕೇಳಿದೆ.

“ತಿನ್ನೋರಿಗೆ ಆಸೆ ಬರುತ್ತೆ ಕಣ್ರೀ, ನಾಳೆ ಕುಯ್ಯಿ ಅಂತಾರೆ” ಎಂದರು ಗುರುಮಲ್ಲಪ್ಪನವರು. “ನಮಗೆ ಆ ಯೋಚನೆನೇ ಇಲ್ವಲ್ಲ. ಪಾಲು ಇಟ್ಕೊಳ್ಳೋಕೆ ನಮ್ಮಂಥೋರೇ ಸರಿ.”

ಆ ಮಾತು ಎಷ್ಟು ಸರಿಯೆನಿಸಿತೆಂದರೆ ನಾನೂ ಒಂದು ಪಾಲು ತೆಗೆದುಕೊಂಡೆ. ಹಳೆಯ ಜೆರಾಕ್ಸ್ ಯಂತ್ರಕ್ಕೆ ಡ್ರಮ್ ಹಾಕಿಸಲು ಇಟ್ಟಿದ್ದ ದುಡ್ಡು ಅದು. ಆಮೇಲೆ ಎಷ್ಟೋ ತಿಂಗಳು ನನ್ನ ಅಂಗಡಿಯ ಜೆರಾಕ್ಸಿನಲ್ಲೆಲ್ಲ ಮಧ್ಯೆ ಒಂದು ಕಪ್ಪು ಗೆರೆ ಬರುತ್ತಿತ್ತು. ಕೇಳಿದವರಿಗೆ ಇದು ಹೂಡಿಕೆ ಎಂದು ಹೇಳುತ್ತಿದ್ದೆ. ಬೀಗರು ನಿಂಗೇಗೌಡರೂ ವಿಷಯ ತಿಳಿದು ಬಸ್ಸು ಹತ್ತಿ ಬಂದು ಒಂದು ಪಾಲು ಕೊಂಡರು. ತಮ್ಮ ಊಟಕ್ಕೆ ಸಾಕಿದ ಟಗರಿನಲ್ಲಿ ತಾವೇ ದುಡ್ಡು ಹಾಕಿದ ಬೀಗರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮಾವನ ಕೈಯಲ್ಲಿ ಉಳಿದದ್ದು ಒಂದೇ ಪಾಲು. ಬಂದ ದುಡ್ಡು ಛತ್ರಕ್ಕೂ ಒಡವೆಗೂ ಹೋಯಿತು, ತಿರುಮಕೂಡಲಿನಲ್ಲಿ ಮದುವೆ ಚೆನ್ನಾಗಿಯೇ ಆಯಿತು.

ಮದುವೆ ಆದ ಮೇಲೆ ಬೀಗರ ಊಟ ಆಗಬೇಕಲ್ಲ? ಆಗಲಿಲ್ಲ. ಪಾಲುದಾರರಲ್ಲಿ ಒಬ್ಬರಿಗೂ ಟಗರು ಕುಯ್ಯುವ ಮನಸ್ಸಿರಲಿಲ್ಲ. ಪಾಲುಗಳು ಕೈ ಬದಲಾಗುತ್ತಿದ್ದವು, ಪ್ರತಿ ಸಲವೂ ಬೆಲೆ ಏರುತ್ತಿತ್ತು. ಒಂದು ಗುಡ್ಡೆಯ ಬೆಲೆಗೆ ಒಂದು ಇಡೀ ಹಸು ಬರುತ್ತಿತ್ತು. ಬೇರೆ ಕುರಿ ತಂದು ಊಟ ಹಾಕೋಣ ಎಂದು ಅತ್ತೆ ಸಾಕಮ್ಮ ಹೇಳಿದರೆ, ಬೀಗರಿಗೆ ಮಾತು ಕೊಟ್ಟಾಗಿದೆ, ಇದನ್ನೇ ಹಾಕಬೇಕು ಎಂದು ಮಾವ. ಹಾಗಾದರೆ ಇದನ್ನೇ ಹಾಕು ಎಂದರೆ, ಈಗ ಬೇಡ, ಇನ್ನೂ ಏರ್ತಾ ಇದೆ ಎಂದು ಬೀಗರು. ಪಂಚಾಂಗವೂ ಇವರ ಕಡೆಗೇ ಸೇರಿಕೊಂಡಿತು. ಆಷಾಢದಲ್ಲಿ ಹೊಸ ಜೋಡಿ ಒಟ್ಟಿಗಿರುವಂತಿಲ್ಲ. ಶ್ರಾವಣದಲ್ಲಿ ಬಾಡು ಮಾಡುವಂತಿಲ್ಲ. ಆಮೇಲೆ ಗೌರಿ, ಆಮೇಲೆ ಪಿತೃಪಕ್ಷ. ಅಷ್ಟು ದಿನವೂ ಸವಿತ ನಾಲ್ಕು ದಿನ ಹುಲ್ಲಹಳ್ಳಿ, ನಾಲ್ಕು ದಿನ ತವರು ಎಂದು ಬಸ್ಸಿನಲ್ಲಿ ತಿರುಗುತ್ತಿದ್ದಳು. ಬ್ಯಾಗಿನಿಂದ ಬಟ್ಟೆ ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದಳು. ನಂಜನಗೂಡಿನ ಮನೆಗೆ ಬೀಗ ಬಿದ್ದಿತ್ತು, ಬಾಡಿಗೆ ಹೋಗುತ್ತಿತ್ತು. ಅವಳು ಆ ಮನೆ ನೋಡಿಕೊಂಡು ಬಂದ ದಿನ ಅಪ್ಪನಿಗೆ ಹೇಳೋಣವೆಂದು ಹೋದರೆ, ಅವನು ದರ್ಜಿಯ ಟೇಪು ಹಿಡಿದು ಟಗರಿನ ಎದೆ ಅಳೆಯುತ್ತಿದ್ದನಂತೆ. ಒಸಿ ಸುಮ್ನಿರವ್ವಾ, ಲೆಕ್ಕ ತಪ್ಪೋಯ್ತದೆ ಎಂದನಂತೆ.

ಟಗರಿನ ಯೋಗಕ್ಷೇಮದ ವಿಷಯ ಹೇಳಿದರೆ ನೀವು ನಂಬುವುದಿಲ್ಲ. ಅದಕ್ಕೊಂದು ಫ್ಯಾನು ಬಂತು, ಸೊಳ್ಳೆಪರದೆ ಬಂತು. ಬೂಸಾ, ಹುರುಳಿ, ಕಡಲೆಹೊಟ್ಟು ಎಲ್ಲ ಗುರುಮಲ್ಲಪ್ಪನವರ ಅಂಗಡಿಯಿಂದಲೇ, ಪಾಲುದಾರರ ಲೆಕ್ಕಕ್ಕೆ. ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಅದರ ಹಿಂಭಾಗದ ಒಂದು ಫೋಟೋ, ಕೆಳಗೆ ಶುಭೋದಯ. ಟಗರು ಸೀನಿದರೆ ಪಾಲಿನ ಬೆಲೆ ಇಳಿಯುವುದು, ಹಿಕ್ಕೆ ಗಟ್ಟಿಯಾಗಿದ್ದರೆ ಏರುವುದು. ಇಷ್ಟು ಬೆಲೆ ಯಾಕೆಂದು ಯಾರಾದರೂ ಕೇಳಿದರೆ, ಇದರಿಂದ ಹುಟ್ಟುವ ಮರಿಗಳಿಗೆ ಬಂಗಾರದ ಬೆಲೆ ಎಂದು ಹೇಳುತ್ತಿದ್ದೆವು. ಆದರೆ ಅದನ್ನು ಹೆಣ್ಣುಕುರಿಯ ಹತ್ತಿರ ಬಿಡುತ್ತಿರಲಿಲ್ಲ. ಬಿಟ್ಟರೆ ಮೈ ಇಳಿಯುತ್ತದೆ, ಮೈ ಇಳಿದರೆ ರೇಟು ಇಳಿಯುತ್ತದೆ. ಓಡಾಡಿಸಿ ಎಂದು ಪಶುವೈದ್ಯರು ಹೇಳಿದರೆ ಅವರನ್ನೇ ಕರೆಯುವುದು ಬಿಟ್ಟೆವು. ಕೊನೆಗೆ ಅದು ನಿಂತಲ್ಲೇ ನಿಂತು ಬೆಳೆಯುವುದೊಂದನ್ನೇ ಕಸುಬು ಮಾಡಿಕೊಂಡಿತ್ತು. ದಿನಾ ಅದರ ಹಿಕ್ಕೆ ಬಾಚಿ, ನೀರು ಹೊತ್ತು ಹಾಕುತ್ತಿದ್ದ ಅತ್ತೆ, ಇಷ್ಟು ಲಾಭದಲ್ಲಿ ನನ್ನ ಕೂಲಿ ಯಾವುದು ಎಂದು ಒಮ್ಮೆ ಕೇಳಿದಳು. ಎಲ್ಲರೂ ಅದನ್ನು ತಮಾಷೆಯೆಂದು ತಿಳಿದು ನಕ್ಕರು. ಅದೇ ವಾರ ಟಗರಿಗೆ ಹುಟ್ಟುಹಬ್ಬ ಮಾಡಿ ಆ ಫ್ಲೆಕ್ಸ್ ಹಾಕಿಸಿದೆವು. ವಿನ್ಯಾಸ ನನ್ನದೇ.

ಪಿತೃಪಕ್ಷ ಕಳೆದ ಮೇಲೆ ಒಂದು ದಿನ ಸವಿತ ನನ್ನ ಅಂಗಡಿಗೆ ಬಂದಳು. ಬೀಗ ಹಾಕಿದ ಮನೆಯ ಮುಂದೆ ಹಾದು ಬಂದಿದ್ದಳು, ಮುಖ ಸಣ್ಣದಾಗಿತ್ತು. ನನಗೆ ನಿಜವಾಗಿಯೂ ಬೇಸರವಾಯಿತು. ಮದುವೆಯಲ್ಲಿ ಬಂದ ಮುಯ್ಯಿಯ ದುಡ್ಡು ಅವಳ ಹತ್ತಿರವಿತ್ತು. ನಿನ್ನ ಪಾಲು ನನಗೆ ಕೊಡು ಭಾವ, ನನ್ನ ಹೆಸರಿನಲ್ಲೂ ಒಂದಿರಲಿ ಎಂದಳು. ಹುಡುಗಿಗೆ ವ್ಯವಹಾರ ಜ್ಞಾನ ಬಂತು ಎಂದು ಸಂತೋಷಪಟ್ಟೆ. ಆ ದಿನದ ಬೆಲೆ ಕೇಳಲು ನಾಚಿಕೆಯಾಗಿ, ನಾನು ಹಾಕಿದ್ದ ದುಡ್ಡಿಗೇ ಕೊಟ್ಟೆ. ಅವಳು ಹೋದ ಮೇಲೆ ಎರಡು ದಿನ ನನ್ನ ಔದಾರ್ಯವನ್ನು ನೆನೆದು ನನಗೇ ನಿದ್ದೆ ಸರಿಯಾಗಿ ಬರಲಿಲ್ಲ. ಕೈಬಿಟ್ಟ ಲಾಭವನ್ನು ಮನಸ್ಸು ಎಣಿಸುತ್ತಲೇ ಇತ್ತು.

ಮುಂದಿನ ಭಾನುವಾರ ಮಾವನ ಹಟ್ಟಿಯ ಮುಂದೆ ಪಾಲುದಾರರ ಸಭೆ. ಬೆಲೆ ಬಹಳ ಏರಿ ಹೊಸಬರಿಗೆ ಕೊಳ್ಳಲು ಕಷ್ಟವಾಗುತ್ತಿದೆ, ಆದ್ದರಿಂದ ಹನ್ನೆರಡು ಪಾಲನ್ನು ಇಪ್ಪತ್ನಾಲ್ಕು ಮಾಡೋಣ ಎಂದು ಗುರುಮಲ್ಲಪ್ಪನವರು ಮಂಡಿಸಿದರು. ಟಗರು ಒಂದೇ ಇದೆಯಲ್ಲ ಎಂದು ಯಾರೋ ಅಂದರು. ಟಗರು ಒಂದೇ, ಆದರೆ ಅವಕಾಶ ಎರಡರಷ್ಟು ಎಂದರು ಅವರು. ನನಗೀಗ ಪಾಲಿಲ್ಲದಿದ್ದರೂ ಟೀ ಕುಡಿಯಲು ಹೋಗಿದ್ದೆ, ಆ ಮಾತು ಕೇಳಿ ತಲೆದೂಗಿದೆ. ಸವಿತ ಟೀ ಲೋಟಗಳ ತಟ್ಟೆ ತಂದು ಕೆಳಗಿಟ್ಟು, ಅಲ್ಲೇ ನಿಂತಳು.

“ನಂದೂ ಒಂದು ಪಾಲದೆ” ಎಂದಳು. “ನನ್ ಗುಡ್ಡೆ ನಂಗೆ ಕೊಡಿ. ಬರೋ ಭಾನ್ವಾರಕ್ಕೆ ಬೇಕು.”

ಮಾವ ನಕ್ಕ. “ಬದುಕಿರೋ ಟಗರಲ್ಲಿ ಗುಡ್ಡೆ ಎಲ್ಲಿಂದ ತರ್ಲವ್ವಾ?”

“ಅದ್ನ ಮಾರುವಾಗ ಯೋಚ್ನೆ ಮಾಡ್ಬೇಕಿತ್ತು ಕಣಪ್ಪ.”

ಪಾಲುದಾರ ಗುಡ್ಡೆ ಕೇಳಿದರೆ ಇಲ್ಲವೆನ್ನುವಂತಿಲ್ಲ ಎಂಬುದು ಅಲ್ಲಿ ಕೂತವರೆಲ್ಲ ಹಾಲು ಕುಡಿಯುವ ಕಾಲದಿಂದ ಬಲ್ಲ ವಿಷಯ. ಕೊನೆಗೆ ನಿಂಗೇಗೌಡರು ಟೀ ಲೋಟ ಕೆಳಗಿಟ್ಟು, ಸೊಸೆಗೆ ಬಹಳ ಮೃದುವಾಗಿ ಹೇಳಿದರು. “ನೀನು ನಾಳೆನೇ ಓಗಿ ಮನೆ ಮಾಡವ್ವಾ. ಬೀಗರೂಟ ಇಲ್ದಿದ್ರೂ ಆಯ್ತದೆ. ಈಗಿನ ಕಾಲ್ದಲ್ಲಿ ಅದ್ನೆಲ್ಲ ಯಾರು ನೋಡ್ತಾರೆ?”

ಮದುವೆಯಾದಂದಿನಿಂದ ಕಲ್ಲಿನ ಹಾಗೆ ಕೂತಿದ್ದ ಸಂಪ್ರದಾಯ ಟೀ ಆರುವುದರೊಳಗೆ ಕರಗಿಹೋಯಿತು. ಮಾವ, ಗುರುಮಲ್ಲಪ್ಪನವರು, ಎಲ್ಲರೂ ಹೌದು ಹೌದು ಎಂದರು. ಒಬ್ಬರು ನಾಳೆಯ ದಿನ ಬಹಳ ಚೆನ್ನಾಗಿದೆ ಎಂದೂ ಹೇಳಿಬಿಟ್ಟರು. ಸವಿತ ಹಾಗೇ ಹೋಗಿಬಿಡುತ್ತಾಳೆ ಎಂದೇ ನಾನು ಅಂದುಕೊಂಡೆ. ಅವಳಿಗೆ ಬೇಕಾಗಿದ್ದ ಮನೆ ಸಿಕ್ಕಿತ್ತಲ್ಲ.

“ಆ ಊಟ ಆಗ್ದೆ ಮನೆ ಮಾಡಂಗಿಲ್ಲ ಅಂತ ನನ್ನ ಬಸ್ಸಲ್ಲಿ ತಿರುಗಿಸಿದ್ರಿ ಮಾವ” ಎಂದಳು ನಿಂಗೇಗೌಡರಿಗೆ. “ಈಗ ಟಗರಿನ ರೇಟು ಉಳಿಸಕ್ಕೆ ಊಟನೇ ಬ್ಯಾಡ ಅಂತೀರಿ. ನಾನು ಬಿಡಲ್ಲ. ನನ್ ಬೀಗರೂಟ ಆಗ್ಬೇಕು. ನನ್ ಗುಡ್ಡೆ ಕೊಡಿ.”

ಆಗ ಹಿಂದೆ ಕೂತಿದ್ದ ಒಬ್ಬ ಪಾಲುದಾರ, ಸುಮ್ಮನೆ ಕೇಳುವವನಂತೆ, ಕುಯ್ದರೆ ಒಂದು ಗುಡ್ಡೆಗೆ ಎಷ್ಟು ಬರಬಹುದು ಎಂದ. ಮಾವ ಟಗರಿನ ಕಡೆ ನೋಡಿ, ಮೂಳೆ ಸೇರಿ ಎರಡೂವರೆ ಕೆಜಿ ಎಂದ. ಎಲ್ಲರೂ ಮನಸ್ಸಿನಲ್ಲೇ ಭಾಗಿಸುತ್ತಿದ್ದುದು ಮುಖದಲ್ಲಿ ಕಾಣಿಸುತ್ತಿತ್ತು. ತಿಂಗಳುಗಟ್ಟಲೆ ಅಳೆದಿದ್ದೆವು, ಹಿಂದೆ ಕೂತು ನೋಡಿದ್ದೆವು, ಫೋಟೋ ತೆಗೆದಿದ್ದೆವು. ಇದನ್ನು ತಿಂದರೆ ಎಷ್ಟಾಗುತ್ತದೆ ಎಂದು ಒಬ್ಬರೂ ಕೇಳಿರಲಿಲ್ಲ. ಒಂದು ಹಸುವಿನ ಬೆಲೆಗೆ ಎರಡೂವರೆ ಕೆಜಿ ಬಾಡು. ಅರ್ಧಕ್ಕೆ ಕೊಡ್ತೀನಿ, ಯಾರಾದರೂ ತಗೊಳ್ಳಿ ಎಂದ, ಆ ಪ್ರಶ್ನೆ ಕೇಳಿದವನೇ. ಯಾರೂ ತಗೊಳ್ಳಲಿಲ್ಲ. ಕಾಲು ಬೆಲೆಗೆ ಎಂದ ಇನ್ನೊಬ್ಬ. ಸಭೆ ಮುಗಿಯುವ ಹೊತ್ತಿಗೆ ಸುಮ್ಮನೆ ಕೊಟ್ಟರೂ ಬೇಡವೆನ್ನುವ ಸ್ಥಿತಿ ಬಂತು. ಗುರುಮಲ್ಲಪ್ಪನವರೊಬ್ಬರು ಮಾತ್ರ ಇದು ತಾತ್ಕಾಲಿಕ, ಗಾಬರಿಯಾಗಬೇಡಿ ಎಂದು ಬೀದಿಯ ತಿರುವಿನವರೆಗೂ ಹೇಳುತ್ತಾ ಹೋದರು.

ಬೆಲೆ ಬೀಳುವ ಮುಂಚಿನ ವಾರವೇ ಮಾರಿ ಹೊರಬಂದವನು ನಾನೊಬ್ಬನೇ ಎಂದು ಆಮೇಲೆ ಊರಿಗೆಲ್ಲ ಗೊತ್ತಾಯಿತು. ಇವತ್ತಿಗೂ ಕೆಲವರು ಜೆರಾಕ್ಸಿನ ನೆಪದಲ್ಲಿ ಬಂದು, ಸಾ, ಈಗ ಯಾವುದರಲ್ಲಿ ಹಾಕಬಹುದು ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ನಾನು ಆಕಾಶ ನೋಡಿ, ಸ್ವಲ್ಪ ಕಾಯಿರಿ ಎನ್ನುತ್ತೇನೆ. ಅವರು ಅದಕ್ಕೇ ಋಣಿಯಾಗಿ ಎರಡು ಪ್ರತಿ ಹೆಚ್ಚು ಮಾಡಿಸಿಕೊಂಡು ಹೋಗುತ್ತಾರೆ.

ಭಾನುವಾರ ಟಗರು ಕುಯ್ದರು. ಬಾಳೆಲೆ ಹಾಸಿ ಹನ್ನೆರಡು ಗುಡ್ಡೆ ಹಾಕಿದರು. ಮಾವ ಬೆನ್ನು ತಿರುಗಿಸಿ ನಿಂತು ಒಂದೊಂದೇ ಹೆಸರು ಹೇಳಿದ. ಗುಡ್ಡೆಯಲ್ಲಿ ಅರ್ಧಕ್ಕರ್ಧ ಬಿಳಿ ಕೊಬ್ಬೇ. ನಾವು ಫ್ಯಾನು ಹಾಕಿ, ಹುರುಳಿ ತಿನ್ನಿಸಿ, ಟೇಪು ಹಿಡಿದು ಬೆಳೆಸಿದ್ದೆಲ್ಲ ಅದೇ ಎಂದು ತಿಳಿದು ನನಗೆ ಒಂಥರಾ ಸಂಕಟವಾಯಿತು. ಎರಡು ಗುಡ್ಡೆಯ ಒಡೆಯರಾದ ಗುರುಮಲ್ಲಪ್ಪನವರು ದೂರದಲ್ಲಿ, ಮೂಗಿಗೆ ವಸ್ತ್ರ ಹಿಡಿದು ನಿಂತಿದ್ದರು. ತಮ್ಮ ಪಾಲನ್ನು ಮುಟ್ಟುವಂತಿಲ್ಲ, ಮನೆಗೆ ಒಯ್ಯುವಂತಿಲ್ಲ, ಮಾರೋಣವೆಂದರೆ ಕೊಳ್ಳುವವರಿಲ್ಲ. ಕೊನೆಗೆ, ನನ್ನೆರಡೂ ಸವಿತಮ್ಮನಿಗೆ ಮುಯ್ಯಿ, ಕೊಪ್ಪರಿಗೆಗೆ ಹಾಕಿಬಿಡಿ ಎಂದರು. ಉಳಿದವರೂ ಒಬ್ಬೊಬ್ಬರಾಗಿ ತಂತಮ್ಮ ಗುಡ್ಡೆ ತಂದು ಸುರಿದರು. ಅದನ್ನು ಮನೆಗೆ ಒಯ್ದರೆ ಹೆಂಡತಿ ಎಷ್ಟು ಕೊಟ್ಟೆ ಎಂದು ಕೇಳುತ್ತಾಳೆ, ಅದಕ್ಕಿಂತ ಇದೇ ವಾಸಿ. ಹೀಗೆ ಹುಲ್ಲಹಳ್ಳಿಯ ಬೀಗರಿಗೆ ಊರೆಲ್ಲ ಸೇರಿ ಹಾಕಿದ ಊಟವಾಯಿತು ಅದು. ನಿಂಗೇಗೌಡರು ತಮ್ಮ ಪಾಲನ್ನು ತಾವೇ ಮುಯ್ಯಿ ಹಾಕಿ, ತಾವೇ ಬೀಗರಾಗಿ ಮೊದಲ ಪಂಕ್ತಿಯಲ್ಲಿ ಕೂತು ಉಂಡರು. ಗುರುಮಲ್ಲಪ್ಪನವರಿಗೆ ಅತ್ತೆ ಪಡಸಾಲೆಯಲ್ಲಿ ಬೇರೆ ಎಲೆ ಹಾಕಿ ಪಾಯಸ ಬಡಿಸಿದಳು.

ಮಾವ ಕೊನೆಯ ಪಂಕ್ತಿಯ ಕೊನೆಯಲ್ಲಿ ಕೂತ. ಮುದ್ದೆ ಮುರಿಯಲಿಲ್ಲ, ಸಾರಿನಲ್ಲಿ ಕೈ ಇಡಲಿಲ್ಲ. ಅವನ ಮುಖ ನೋಡಿ ನನಗೆ ಅಳು ಬಂದಂತಾಯಿತು. ಎಷ್ಟು ಕಳೆದುಕೊಂಡೆ ಎಂದು ಅವನು ಲೆಕ್ಕ ಹಾಕುತ್ತಿದ್ದಾನೆ ಅಂತಲೇ ನಾವೆಲ್ಲ ಅಂದುಕೊಂಡು ಆ ಕಡೆ ನೋಡದೆ ಉಣ್ಣುತ್ತಿದ್ದೆವು. ಸವಿತ ಬಕೆಟ್ಟು ಸೌಟು ಹಿಡಿದು ಸಾಲಿನಲ್ಲಿ ಬಡಿಸುತ್ತಾ ಬಂದವಳು ಅವನ ಎದುರಿಗೆ ಬಂದು ನಿಂತಳು. ಇಬ್ಬರೂ ವಾರದಿಂದ ಮಾತಾಡಿರಲಿಲ್ಲ. ಅವಳು ಬಗ್ಗಿ ಬಡಿಸಲು ಹೋದಾಗ ಮಾವ ತಲೆಯೆತ್ತಿದ.

“ಆ ಮನೇಲಿ ನಲ್ಲೀಲಿ ನೀರು ಬತ್ತದಾ ಮಗಾ?” ಎಂದು ಕೇಳಿದ.

ಅವಳು ಬಕೆಟ್ಟನ್ನು ನೆಲಕ್ಕಿಟ್ಟು ಅಲ್ಲೇ ಕೂತಳು.

“ದಿನ ಬಿಟ್ಟು ದಿನ ಬತ್ತದೆ ಕಣಪ್ಪ” ಎಂದಳು. “ನೀನು ಉಣ್ಣು.”